ಮನೆಯಂಗಳದ ಮಾತು: ಆಟವೂ ಒಂದು ಕಸುಬೆ?

ಕಳೆದ ಚಳಿಗಾಲದ ಒಂದು ಸಂಜೆ, ಶಿಡ್ಲಘಟ್ಟದಲ್ಲಿ ರೇಷ್ಮೆನೂಲು ಬಿಚ್ಚುವ ಕಸುಬನ್ನು ನಡೆಸುತ್ತಿರುವ ನಮ್ಮ ಪರಿಚಯದ ಗೃಹಸ್ಥರೊಬ್ಬರು ಮನೆಗೆ ದಯಮಾಡಿಸಿದ್ದರು. ಬಂದವರು ಎಂದಿನಂತೆ ಗೂಡಿನ ಧಾರಣೆಯ ಮಾತನ್ನೆತ್ತಲಿಲ್ಲ. ಕೊಳವೆಬಾವಿಯ ಮಾತನ್ನೂ ಎತ್ತಲಿಲ್ಲ. ಕೈಯಲ್ಲಿದ್ದ ಕಾಫಿ ಆರುವವರೆಗೂ ಸುಮ್ಮನಿದ್ದು, ಕಡೆಗೆ ತಮ್ಮ ಎರಡನೆಯ ಮಗನ ವಿಚಾರವನ್ನು ಹೇಳಿದರು. ಹುಡುಗನಿಗೆ ಹದಿನೈದು ವರ್ಷ. ಬೇಸಗೆಯ ರಜೆಯಲ್ಲಿ ಬೆಂಗಳೂರಿನ ಸೋದರಮಾವನ ಮನೆಗೆ ಹೋಗಿದ್ದವನು ಅಕ್ಕಿತಿಮ್ಮನಹಳ್ಳಿಯ ಕ್ರೀಡಾಂಗಣದಲ್ಲಿ ಹಾಕಿ ಆಟವನ್ನು ನೋಡಿ ಬಂದನಂತೆ. ಅಂದಿನಿಂದ ಅವನಿಗೆ ಬೇರೆ ಧ್ಯಾನವಿಲ್ಲ. ಓದನ್ನು ಬಿಡುವುದಿಲ್ಲವೆನ್ನುತ್ತಾನೆ, ಆದರೆ ಮುಂದೆ ಏನಾಗುವೆಯೆಂದು ಕೇಳಿದರೆ, “ಹಾಕಿ ಆಡುವವನಾಗುತ್ತೇನೆ” ಎಂದು ಬಿಡುತ್ತಾನೆ. ಹೊರದೇಶಗಳಲ್ಲಿ ಇದನ್ನೇ ಮಂಜುಗಡ್ಡೆಯ ಮೇಲೆ ಆಡಿ ಕೋಟಿಗಟ್ಟಲೆ ಗಳಿಸುತ್ತಾರೆಂದು ತಾಯಿಯ ಮುಂದೆ ಲೆಕ್ಕವನ್ನೂ ಒಪ್ಪಿಸಿದ್ದಾನೆ.

“ಸ್ವಾಮೀ, ತಾವು ನಾಲ್ಕು ಅಕ್ಷರ ಬಲ್ಲವರು, ಹೇಳಿ. ಆಟವೂ ಒಂದು ಕಸುಬೆ? ಆಡುವಷ್ಟು ದಿನ ಯಾರೋ ಅನ್ನ ಹಾಕಿಯಾರು. ಆಟ ಮುಗಿದ ಮೇಲೆ ಹಾಕುವವರು ಯಾರು?” ಎಂದು ಅವರು ಕೇಳಿದರು.

ಆ ಎರಡನೆಯ ಪ್ರಶ್ನೆಗೆ ನಾನು ಆ ಸಂಜೆ ಉತ್ತರ ಕೊಡಲಾರದೆ ಹೋದೆ. ಒಂದು ವಾರದ ಅವಕಾಶವನ್ನು ಬೇಡಿದೆ. ಆ ವಾರದಲ್ಲಿ ಓದಿ ನೋಡಿ ಅವರಿಗೆ ಹೇಳಿದ ಮಾತುಗಳನ್ನೇ ಈ ತಿಂಗಳು ವಾಚಕರ ಮುಂದಿಡುತ್ತಿದ್ದೇನೆ. ಗಂಡುಮಕ್ಕಳಾಗಲಿ ಹೆಣ್ಣುಮಕ್ಕಳಾಗಲಿ ಆಟದ ಹುಚ್ಚು ಹತ್ತಿಸಿಕೊಂಡಿರುವ ಮನೆಗಳು ಈಗ ಒಂದೆರಡಲ್ಲವಷ್ಟೆ.

ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟ, ಈ ನಾಲ್ಕು ಊರುಗಳ ಬೀದಿಗಳಲ್ಲಿ ಸಂಜೆಯ ಹೊತ್ತು ಅಡ್ಡಾಡಿದವರಿಗೆ ಕ್ರಿಕೆಟ್ಟಿನ ದಾಂಡು ಹಿಡಿದ ಹುಡುಗರು ಕಾಣುತ್ತಾರೆ. ಶಾಲೆಯ ಬಯಲಿನಲ್ಲಿ ಕಬಡ್ಡಿಯೂ ಖೊಖೋವೂ ಕಾಣುತ್ತವೆ. ಹಾಕಿಯ ಕೋಲು ಕಾಣುವುದು ಅಪರೂಪ. ಆದರೂ ಆ ಕೋಲಿಗೂ ನಮ್ಮ ಸೀಮೆಗೂ ಒಂದು ನೆಂಟಸ್ತಿಕೆಯುಂಟು. ಬಹುಕಾಲದವರೆಗೆ ಹಾಕಿಯ ಕೋಲುಗಳನ್ನು ಮಾಡುತ್ತಿದ್ದುದು ಹಿಪ್ಪುನೇರಳೆಯ ಮರದಿಂದ. ಬಾಗಿಸಿದರೆ ಸೀಳದೆ, ಚೆಂಡಿನ ಪೆಟ್ಟಿಗೆ ಸಿಡಿಯದೆ ತಾಳಿಕೊಳ್ಳುವ ಗುಣ ಆ ಮರಕ್ಕಿದೆ. ಸಿಯಾಲಕೋಟೆಯ ಕುಶಲಕರ್ಮಿಗಳು ಈ ಕೆಲಸದಲ್ಲಿ ಹೆಸರಾಗಿದ್ದರು. 1947ರಲ್ಲಿ ದೇಶ ಒಡೆದ ಮೇಲೆ ಅವರಲ್ಲಿ ಅನೇಕರು ಜಲಂಧರಕ್ಕೂ ಮೀರತ್ತಿಗೂ ಬಂದು ನೆಲೆಸಿದರು. ನಮ್ಮಲ್ಲಿ ಹುಳುವಿಗೆ ಸೊಪ್ಪಾಗುವ ಗಿಡವೇ ಅಲ್ಲಿ ಮರವಾಗಿ ಬೆಳೆದು ಆಟಗಾರರ ಕೈಗೆ ಕೋಲಾಗುತ್ತಿತ್ತು. ಈಗ ಮೇಲ್ಮಟ್ಟದ ಆಟದಲ್ಲಿ ಮರದ ಕೋಲು ಹೋಗಿ, ಇಂಗಾಲದ ಎಳೆ, ಗಾಜಿನ ಎಳೆಗಳಿಂದ ಮಾಡಿದ ಕೋಲು ಬಂದಿದೆ. ಈ ಸಂಗತಿಯನ್ನು ಕೇಳಿ ನಮ್ಮ ಗೃಹಸ್ಥರಿಗೆ ಸ್ವಲ್ಪ ಸಂತೋಷವಾಯಿತು. ಸಂತೋಷದಿಂದ ಮನೆ ನಡೆಯುವುದಿಲ್ಲವಾದ್ದರಿಂದ ಅವರು ಮತ್ತೆ ತಮ್ಮ ಪ್ರಶ್ನೆಗೇ ಬಂದರು.

ಅವರಿಗೆ ನಾನು ಹೇಳಿದ್ದು ಸೋಮವಾರಪೇಟೆಯ ಸುನಿಲರ ವೃತ್ತಾಂತವನ್ನು. ಕೊಡಗು ಜಿಲ್ಲೆಯ ಆ ಊರನ್ನೇ ಹೆಸರಿನ ಮೊದಲಕ್ಷರವಾಗಿ ಧರಿಸಿದ ಎಸ್. ವಿ. ಸುನಿಲರು 1989ನೆಯ ಇಸವಿ ಮೇ 6ರಂದು ಹುಟ್ಟಿದರು. ಕೊಡಗೆಂದರೆ ಹಾಕಿಯ ತವರು. ಅಲ್ಲಿಯ ಮೊಳ್ಳೇರ ಗಣೇಶರು 1973ರಲ್ಲಿ ಆಮ್‌ಸ್ಟರ್‌ಡಾಮಿನ ವಿಶ್ವಕಪ್ ಪಂದ್ಯಾವಳಿಯಲ್ಲಿ ಭಾರತದ ನಾಯಕರಾಗಿದ್ದು ಬೆಳ್ಳಿಯ ಪದಕವನ್ನು ತಂದವರು. ಮಣೆಯಪಂಡ ಸೋಮಯ್ಯನವರು 1980ರಲ್ಲಿ ಮಾಸ್ಕೋದಲ್ಲಿ ಚಿನ್ನ ಗೆದ್ದ ತಂಡದಲ್ಲಿದ್ದು, 1988ರಲ್ಲಿ ಸೋಲಿನಲ್ಲಿ ನಾಯಕರಾದವರು. (ಸೋಲೆಂಬುದು ಕೊರಿಯಾ ದೇಶದ ರಾಜಧಾನಿಯ ಹೆಸರು, ನಮ್ಮ ಕಂಪೋಸಿಟರು ತಿದ್ದದಿರಲಿ.) 1997ರಲ್ಲಿ ಪಾಂಡಂಡ ಕುಟ್ಟಪ್ಪನವರು ಕರಡ ಗ್ರಾಮದಲ್ಲಿ ಕೊಡವ ಮನೆತನಗಳ ನಡುವೆ ಹಾಕಿಯ ಉತ್ಸವವನ್ನು ಆರಂಭಿಸಿದಾಗ 60 ಮನೆತನಗಳು ಸೇರಿದ್ದವು, ಆಮೇಲೆ ಆ ಸಂಖ್ಯೆ ನೂರುಗಳನ್ನು ದಾಟಿತು. ಅಜ್ಜನೂ ಮೊಮ್ಮಗನೂ ಒಂದೇ ತಂಡದಲ್ಲಿ ಆಡುವುದು ಅಲ್ಲಿ ಸಾಧಾರಣ ಸಂಗತಿ.

ಸುನಿಲರದು ಅಂಥ ಹಾಕಿಯ ಮನೆತನವಲ್ಲ. ತಂದೆ ವಿಠಲಾಚಾರ್ಯರು ಮರಗೆಲಸದವರು. ಅಣ್ಣನದು ಚಿನ್ನದ ಕೆಲಸ. ಮಗುವಿಗೆ ನಾಲ್ಕು ವರ್ಷವಾಗಿದ್ದಾಗಲೇ ತಾಯಿ ತೀರಿಕೊಂಡರು. ಕೊಂಡ ಕೋಲಿಗೆ ಹಣವಿಲ್ಲದ ಕಾಲದಲ್ಲಿ ಹುಡುಗನು ಬಿದಿರಿನ ಕೋಲನ್ನು ಹಿಡಿದು ಆಡಿದನು. ಹಿಪ್ಪುನೇರಳೆಯ ಕೋಲನ್ನು ಕೊಳ್ಳಲಾರದ ಮರಗೆಲಸದವರ ಮನೆಯ ಮಗನು ದೇಶದ ಪರವಾಗಿ ಆಡುವವನಾದನೆಂದರೆ, ಅದರಲ್ಲಿ ಅವನ ಕಾಲಿನ ವೇಗಕ್ಕೂ ಪಾಲುಂಟು, ಊರಿನ ಗಾಳಿಗೂ ಪಾಲುಂಟು. ಸುತ್ತಲೂ ಎಲ್ಲರೂ ಆಡುತ್ತಿರುವ ಊರಿನಲ್ಲಿ ಆಡಬಲ್ಲ ಹುಡುಗನು ಕಣ್ಣಿಗೆ ಬೀಳುತ್ತಾನೆ. ನಮ್ಮ ಊರುಗಳಲ್ಲಿ ಅದೇ ವೇಗದ ಹುಡುಗನೊಬ್ಬನಿದ್ದರೆ ಬಸ್ಸಿನ ಹಿಂದೆ ಓಡುವಾಗ ಮಾತ್ರ ಕಂಡಾನು. ಆದಕಾರಣ, ಹುಡುಗನಿಗೆ ಶಕ್ತಿಯಿದೆಯೆ ಎಂದು ಕೇಳುವುದಕ್ಕೆ ಮೊದಲು, ಅದನ್ನು ನೋಡಿ ಹೇಳಬಲ್ಲವರ ಕಣ್ಣಿಗೆ ಅವನು ಬಿದ್ದಿದ್ದಾನೆಯೆ ಎಂದು ಕೇಳಬೇಕೆಂದು ನಾನು ಗೃಹಸ್ಥರಿಗೆ ಹೇಳಿದೆ.

2007ರಲ್ಲಿ, ಹದಿನೆಂಟರ ವಯಸ್ಸಿನಲ್ಲಿ, ಚೆನ್ನೈನಲ್ಲಿ ನಡೆದ ಏಷ್ಯಾ ಕಪ್ ಪಂದ್ಯಾವಳಿಯಲ್ಲಿ ಸುನಿಲರು ಭಾರತದ ತಂಡವನ್ನು ಸೇರಿದರು. ಅಂತಿಮ ಪಂದ್ಯದಲ್ಲಿ ಭಾರತವು ದಕ್ಷಿಣ ಕೊರಿಯಾವನ್ನು ಏಳಕ್ಕೆ ಎರಡು ಗೋಲುಗಳಿಂದ ಸೋಲಿಸಿತು. ಆಟವನ್ನು ನೋಡದ ವಾಚಕರಿಗೆ ಎರಡು ಮಾತು ಹೇಳಬೇಕು. ಹಾಕಿಯ ಬಯಲು ಸುಮಾರು 91 ಮೀಟರು ಉದ್ದ, 55 ಮೀಟರು ಅಗಲ. ಪ್ರತಿಯೊಂದು ಪಕ್ಷಕ್ಕೂ ಹನ್ನೊಂದು ಜನ. 1976ರ ಮಾಂಟ್ರಿಯಲ್ ಒಲಿಂಪಿಕ್ಸಿನಿಂದ ಈಚೆಗೆ ದೊಡ್ಡ ಪಂದ್ಯಗಳು ಹುಲ್ಲಿನ ಮೇಲಲ್ಲದೆ ಕೃತಕ ಹಾಸಿನ ಮೇಲೆ ನಡೆಯುತ್ತವೆ. ಹಾಸಿನ ಮೇಲೆ ಚೆಂಡು ಪುಟಿಯದೆ ನೇರವಾಗಿಯೂ ವೇಗವಾಗಿಯೂ ಉರುಳುವುದರಿಂದ ಆಟದ ಸ್ವರೂಪವೇ ಬದಲಾಯಿತು. ಮೊದಲು ಕೈಯ ಕುಶಲತೆಗೆ ಇದ್ದ ಬೆಲೆ ಈಗ ಓಟಕ್ಕೆ ಬಂದಿದೆ. 1928ರಿಂದ 1956ರವರೆಗೆ ಸಾಲಾಗಿ ಆರು ಒಲಿಂಪಿಕ್ ಚಿನ್ನಗಳನ್ನು ಗೆದ್ದಿದ್ದ ನಮ್ಮ ದೇಶ, ಮಾಂಟ್ರಿಯಲಿನಲ್ಲಿ ಏಳನೆಯ ಸ್ಥಾನಕ್ಕೆ ಇಳಿಯಿತು. ಇಂಥ ಓಟದ ಕಾಲಕ್ಕೆ ತಕ್ಕ ಆಟಗಾರ ಸುನಿಲರು. ಮುಂದಿನ ಸಾಲಿನಲ್ಲಿ ನಿಂತು, ಚೆಂಡನ್ನು ತೆಗೆದುಕೊಂಡು ಬಯಲಿನ ಅಂಚಿನಗುಂಟ ಓಡಿ, ಎದುರಾಳಿಗಳು ತಿರುಗುವಷ್ಟರಲ್ಲಿ ಅದನ್ನು ಗೋಲಿನ ಮುಂದೆ ನಿಂತ ಜೊತೆಗಾರನಿಗೆ ತಲುಪಿಸುವುದು ಅವರ ಕೆಲಸವಾಗಿತ್ತು. ಹೀಗೆ ಬಡಿಸುವ ಕೆಲಸದವನ ಹೆಸರು ಮರುದಿನದ ಪತ್ರಿಕೆಯಲ್ಲಿ ಬರುವುದು ಕಡಮೆ. ಉಂಡವನ ಹೆಸರೇ ಬರುತ್ತದೆ.

ಅವರ ಜೀವನದಲ್ಲಿ 2009ರ ಏಪ್ರಿಲ್ ತಿಂಗಳನ್ನು ಹೇಳದೆ ಮುಂದೆ ಹೋಗಲಾಗುವುದಿಲ್ಲ. ತಂಡವು ಅಜ್ಲಾನ್ ಷಾ ಕಪ್ ಪಂದ್ಯಾವಳಿಗಾಗಿ ಮಲೇಷ್ಯಾ ದೇಶದ ಈಪೊ ನಗರದಲ್ಲಿತ್ತು. ಪಂದ್ಯಾವಳಿಯ ನಡುವೆ ಊರಿನಿಂದ ತಂದೆಯ ಮರಣವಾರ್ತೆ ಬಂದಿತು. ಆಗ ಸುನಿಲರಿಗೆ ಇಪ್ಪತ್ತು ವರ್ಷವೂ ತುಂಬಿರಲಿಲ್ಲ. ತಾಯಿಯಿಲ್ಲದ ಮನೆ, ಈಗ ತಂದೆಯೂ ಇಲ್ಲ. ಅವರು ಹಿಂದಿರುಗಲಿಲ್ಲ. ತಂಡದೊಂದಿಗೇ ಉಳಿದು ಆಡಿದರು. ಭಾರತವು ಅಂತಿಮ ಪಂದ್ಯದಲ್ಲಿ ಮಲೇಷ್ಯಾವನ್ನು ಮೂರಕ್ಕೆ ಒಂದರಿಂದ ಸೋಲಿಸಿ ಕಪ್ಪನ್ನು ಗೆದ್ದಿತು.

ಇದನ್ನು ಹೇಳಿದಾಗ ನಮ್ಮ ಗೃಹಸ್ಥರು ಬಹಳ ಹೊತ್ತು ಮಾತನಾಡಲಿಲ್ಲ. ಆಮೇಲೆ, “ನನ್ನ ಮಗ ಹಾಗೆ ಮಾಡಿದರೆ ನಾನು ಒಪ್ಪುತ್ತಿರಲಿಲ್ಲ” ಎಂದರು. ಸ್ವಲ್ಪ ತಡೆದು, “ಒಪ್ಪುವುದಕ್ಕೆ ನಾನು ಇರುತ್ತಿರಲಿಲ್ಲ, ಅದು ಬೇರೆ ಮಾತು” ಎಂದು ತಾವೇ ನಕ್ಕರು. ನಮ್ಮ ಸಂಪ್ರದಾಯದಲ್ಲಿ ತಂದೆಯ ಕಡೆಗಾಲಕ್ಕೆ ಮಗನಿರಬೇಕೆಂಬುದು ಎಷ್ಟು ದೊಡ್ಡ ಮಾತೆಂಬುದು ಎಲ್ಲರಿಗೂ ಗೊತ್ತು. ಸುನಿಲರು ಮಾಡಿದ್ದು ಸರಿಯೆಂದಾಗಲಿ ತಪ್ಪೆಂದಾಗಲಿ ಹೊರಗಿನವನಾದ ನಾನು ಹೇಳತಕ್ಕದ್ದಲ್ಲ. ಆದರೆ ಒಂದು ಸಂಗತಿಯನ್ನು ಗೃಹಸ್ಥರು ತಿಳಿದಿರಬೇಕು. ಸೈನಿಕನಿಗೆ, ಹಡಗಿನವನಿಗೆ ಇರುವಂತೆಯೇ ಮೇಲ್ಮಟ್ಟದ ಆಟಗಾರನಿಗೂ ಮನೆಯ ಹಬ್ಬಹುಣ್ಣಿಮೆ, ಮದುವೆ ಮುಂಜಿ, ಸಾವುನೋವು ಇವೆಲ್ಲವೂ ದೂರದ ಸುದ್ದಿಗಳಾಗಿಬಿಡುತ್ತವೆ. ವರ್ಷದ ಬಹುಭಾಗ ಅವನು ಶಿಬಿರದಲ್ಲಿರುತ್ತಾನೆ. ಭಾರತ ತಂಡದ ಶಿಬಿರಗಳು ಹೆಚ್ಚಾಗಿ ನಡೆದಿರುವುದು ಬೆಂಗಳೂರಿನ ಕ್ರೀಡಾ ಪ್ರಾಧಿಕಾರದ ಆವರಣದಲ್ಲಿ; ಶಿಡ್ಲಘಟ್ಟದಿಂದ ಅದು ಬಸ್ಸಿನ ದಾರಿಯೇ. ಆದರೂ ಶಿಬಿರದಲ್ಲಿರುವ ಮಗ ದೂರದಲ್ಲಿರುವ ಮಗನೇ ಸರಿ.

ಮುಂದಿನ ವರ್ಷಗಳನ್ನು ಬೇಗ ಹೇಳಿ ಮುಗಿಸುತ್ತೇನೆ. 2012ರ ಲಂಡನ್ ಒಲಿಂಪಿಕ್ಸಿನಲ್ಲಿ ಭಾರತವು ಆಡಿದ ಪಂದ್ಯಗಳೆಲ್ಲವನ್ನೂ ಸೋತು ಹನ್ನೆರಡು ತಂಡಗಳಲ್ಲಿ ಹನ್ನೆರಡನೆಯದಾಯಿತು. ಸುನಿಲರು ಆ ತಂಡದಲ್ಲಿದ್ದರು. ಎರಡು ವರ್ಷಗಳ ಮೇಲೆ, 2014ರ ಅಕ್ಟೋಬರ್ 2ರಂದು, ಇಂಚಿಯಾನಿನ ಏಷ್ಯನ್ ಕ್ರೀಡೆಗಳ ಅಂತಿಮ ಪಂದ್ಯದಲ್ಲಿ ಪಾಕಿಸ್ತಾನದೊಡನೆ ಒಂದಕ್ಕೆ ಒಂದು ಗೋಲು ಸಮವಾಗಿ, ಕಡೆಗೆ ಒಬ್ಬೊಬ್ಬರಾಗಿ ಗೋಲಿಯ ಎದುರು ನುಗ್ಗುವ ಸ್ಪರ್ಧೆಯಲ್ಲಿ ನಾಲ್ಕಕ್ಕೆ ಎರಡರಿಂದ ಭಾರತ ಗೆದ್ದಿತು. ಹದಿನಾರು ವರ್ಷಗಳ ಬಳಿಕ ಬಂದ ಚಿನ್ನವದು. ಸೋತ ತಂಡದಲ್ಲಿಯೂ ಗೆದ್ದ ತಂಡದಲ್ಲಿಯೂ ಇದ್ದವರು ಹಲವರು. ಸುನಿಲರು ಅವರಲ್ಲಿ ಒಬ್ಬರು. 2016ರಲ್ಲಿ ಲಂಡನ್ನಿನ ಚಾಂಪಿಯನ್ಸ್ ಟ್ರೋಫಿಯಲ್ಲಿ ಭಾರತಕ್ಕೆ ಮೊದಲ ಬಾರಿಗೆ ಬೆಳ್ಳಿ ಸಿಕ್ಕಿತು. ಅದೇ ವರ್ಷ ರಿಯೊ ಒಲಿಂಪಿಕ್ಸಿನಲ್ಲಿ ಕಾಲಂತಿಮ ಪಂದ್ಯದಲ್ಲಿ ಬೆಲ್ಜಿಯಂ ತಂಡಕ್ಕೆ ಸೋಲಾಯಿತು. 2016ನೆಯ ವರ್ಷಕ್ಕೆ ಏಷ್ಯಾದ ಶ್ರೇಷ್ಠ ಆಟಗಾರನೆಂಬ ಮನ್ನಣೆಯೂ, 2017ರಲ್ಲಿ ಅರ್ಜುನ ಪ್ರಶಸ್ತಿಯೂ ಸುನಿಲರಿಗೆ ಸಂದವು. ಆ ವರ್ಷವೇ ಢಾಕಾದಲ್ಲಿ ಏಷ್ಯಾ ಕಪ್ಪನ್ನು ಎರಡನೆಯ ಸಲ ಗೆದ್ದರು.

“ಇವೆಲ್ಲ ಸರಿ, ಹಣದ ಮಾತೇನು?” ಎಂದು ಗೃಹಸ್ಥರು ಕೇಳಿದರು. ಕೇಳುವುದು ಧರ್ಮವೇ. ಮನೆಯ ಯಜಮಾನನು ಪದಕಗಳ ಲೆಕ್ಕದಿಂದ ಪೇಟೆಗೆ ಹೋಗಲಾರನು.

ನಮ್ಮ ದೇಶದಲ್ಲಿ ಆಟಗಾರನ ಜೀವನೋಪಾಯವು ಬಹುಕಾಲದಿಂದ ನೌಕರಿಯ ಮೂಲಕ ನಡೆದುಬಂದಿದೆ. ಸೈನ್ಯ, ರೈಲ್ವೆ, ಪೊಲೀಸು, ಬ್ಯಾಂಕುಗಳು, ಸರ್ಕಾರದ ಕಾರ್ಖಾನೆಗಳು, ಎಣ್ಣೆ ಕಂಪೆನಿಗಳು ಆಟಗಾರರನ್ನು ಕೆಲಸಕ್ಕೆ ತೆಗೆದುಕೊಂಡು, ಆಡುವಷ್ಟು ಕಾಲ ಆಡಲು ಬಿಟ್ಟು, ಆಮೇಲೆ ಕುರ್ಚಿಯಲ್ಲಿ ಕೂರಿಸುತ್ತವೆ. ಇದಕ್ಕೆ ದೂರ ಹೋಗಬೇಕಾಗಿಲ್ಲ. 2007ರವರೆಗೆ ನಮ್ಮ ತಾಲ್ಲೂಕುಗಳೆಲ್ಲ ಸೇರಿದ್ದ ಕೋಲಾರ ಜಿಲ್ಲೆಯಲ್ಲಿಯೇ 1940ರಲ್ಲಿ ಹುಟ್ಟಿದ ಕೆನೆತ್ ಪೊವೆಲ್ಲರು, 1964ರ ಟೋಕಿಯೊ ಒಲಿಂಪಿಕ್ಸಿನಲ್ಲಿ ಓಡಿದವರು. ಅವರ ಜೀವನಕ್ಕೆ ಆಧಾರವಾದದ್ದು ಬೆಂಗಳೂರಿನ ದೂರವಾಣಿ ಕಾರ್ಖಾನೆಯ ಕೆಲಸ. ಮೇಲೆ ಹೇಳಿದ ಸೋಮಯ್ಯನವರು ಭಾರತ್ ಪೆಟ್ರೋಲಿಯಂ ಸಂಸ್ಥೆಯಲ್ಲಿ ಅಧಿಕಾರಿಯಾಗಿ ದುಡಿದರು. ಗಣೇಶರು ಸೈನ್ಯದಲ್ಲಿದ್ದು ಆಡಿ, ಆಮೇಲೆ ಕ್ರೀಡಾ ಪ್ರಾಧಿಕಾರದಲ್ಲಿ ಆಡಳಿತದ ಹೊಣೆ ಹೊತ್ತರು. 2020ರಲ್ಲಿ ಅವರಿಗೆ ಪದ್ಮಶ್ರೀ ಪ್ರಶಸ್ತಿ ಬಂದಿತು. ಈ ಏರ್ಪಾಡಿನಲ್ಲಿ ಐಶ್ವರ್ಯವಿಲ್ಲ. ಆದರೆ ಆಟ ಮುಗಿದ ಮರುದಿನ ಬೆಳಿಗ್ಗೆ ಹೋಗಲು ಒಂದು ಸ್ಥಳವಿರುತ್ತದೆ.

ಇದಲ್ಲದೆ 2013ರಲ್ಲಿ ಹಾಕಿ ಇಂಡಿಯಾ ಲೀಗ್ ಎಂಬ ಹೊಸ ಏರ್ಪಾಡು ಬಂದಿತು. ಗೂಡಿನ ಮಾರುಕಟ್ಟೆಯಲ್ಲಿ ಲಾಟುಗಳನ್ನು ಹರಾಜು ಕೂಗುವಂತೆ ಅಲ್ಲಿ ಆಟಗಾರರನ್ನು ಕೂಗುತ್ತಾರೆಂದು ಹೇಳಿದರೆ ಶಿಡ್ಲಘಟ್ಟದವರಿಗೆ ಬೇರೆ ವಿವರಣೆ ಬೇಡ. ಮೊದಲ ಹರಾಜಿನಲ್ಲಿ ಭಾರತದ ನಾಯಕ ಸರ್ದಾರ್ ಸಿಂಗರಿಗೆ 78,000 ಡಾಲರು ಬಿತ್ತು. ಸುನಿಲರನ್ನು ಪಂಜಾಬಿನ ತಂಡವು ಕೊಂಡಿತು. ಆ ತಂಡ 2014 ಮತ್ತು 2015ರಲ್ಲಿ ಅಂತಿಮ ಪಂದ್ಯಕ್ಕೆ ಬಂದು ಸೋತು, 2016ರಲ್ಲಿ ಗೆದ್ದಿತು. ಬಿದಿರಿನ ಕೋಲಿನ ಹುಡುಗನಿಗೆ ಆಟದಿಂದಲೇ ಕೈತುಂಬ ಹಣ ಬರುವ ಕಾಲ ಬಂದಿತು. ಆದರೆ 2017ರ ಪಂದ್ಯಗಳ ನಂತರ ಆ ಲೀಗು ನಿಂತುಹೋಗಿ, ಮತ್ತೆ ನಡೆದದ್ದು 2024ರ ಡಿಸೆಂಬರಿನಲ್ಲಿ. ನಡುವಿನ ಏಳು ವರ್ಷಗಳು ಒಬ್ಬ ಆಟಗಾರನ ಆಯುಷ್ಯದಲ್ಲಿ ಅರ್ಧ. ಸೊಪ್ಪು ಬಂದಿದ್ದಾಗ ಹುಳುವಿಲ್ಲ, ಹುಳು ಬಂದಾಗ ಸೊಪ್ಪಿಲ್ಲ ಎಂಬ ಪಾಡು ಆಟದಲ್ಲಿಯೂ ಉಂಟು.

ಇನ್ನು ಹುಡುಗನು ತಾಯಿಗೆ ಒಪ್ಪಿಸಿದ ಮಂಜುಗಡ್ಡೆಯ ಲೆಕ್ಕ. ಹಿಮದ ಹಾಕಿಯನ್ನು ಕಾಲಿಗೆ ಉಕ್ಕಿನ ಅಲಗಿನ ಪಾದರಕ್ಷೆ ಕಟ್ಟಿಕೊಂಡು, ಚೆಂಡಿನ ಬದಲು ರಬ್ಬರಿನ ಚಪ್ಪಟೆ ಬಿಲ್ಲೆಯನ್ನು ಹೊಡೆಯುತ್ತ, ಪಕ್ಷಕ್ಕೆ ಆರು ಜನರಂತೆ ಆಡುತ್ತಾರೆ. ಕೆನಡಾ ದೇಶದಲ್ಲಿ ಅದಕ್ಕಿರುವ ಮರ್ಯಾದೆ ನಮ್ಮಲ್ಲಿ ಕ್ರಿಕೆಟ್ಟಿಗಿರುವಂಥದು. ನಮ್ಮ ದೇಶದಲ್ಲಿಯೂ ಲಡಾಖಿನವರು ಚಳಿಗಾಲದಲ್ಲಿ ಹೆಪ್ಪುಗಟ್ಟಿದ ನೀರಿನ ಮೇಲೆ ಆಡುತ್ತಾರೆ. ಚಿಕ್ಕಬಳ್ಳಾಪುರದ ಕಂದವಾರದ ಕೆರೆ ಹೆಪ್ಪುಗಟ್ಟುವ ಸಂಭವವಿಲ್ಲದಿರುವುದರಿಂದ ಆ ಆಸೆಯನ್ನು ನಾವು ಬಿಡಬಹುದು. ಆದರೆ ಆಟವನ್ನೇ ಪೂರ್ಣ ಕಸುಬಾಗಿ ಮಾಡಿಕೊಂಡವನ ಪಾಡೇನೆಂದು ತಿಳಿಯಲು ಅಲ್ಲಿಯ ಗಾರ್ಡಿ ಹೋ ಎಂಬವರ ಉದಾಹರಣೆ ಸಾಕು. 1928ರಲ್ಲಿ ಕೆನಡಾದ ಸಸ್ಕಾಚುವಾನಿನ ಒಂದು ಹಳ್ಳಿಯಲ್ಲಿ ಬಡವರ ಮನೆಯಲ್ಲಿ ಹುಟ್ಟಿದ ಈತ 1946ರಿಂದ 1971ರವರೆಗೆ ಅಮೆರಿಕದ ಡೆಟ್ರಾಯಿಟ್ ನಗರದ ತಂಡವೊಂದಕ್ಕೇ ಆಡಿದರು. ಅವರ ಕಾಲದಲ್ಲಿ ಅವರನ್ನು ಮೀರಿದವರಿರಲಿಲ್ಲ. ತಂಡದಲ್ಲಿ ಎಲ್ಲರಿಗಿಂತ ಹೆಚ್ಚಿನ ಸಂಬಳ ತಮ್ಮದೇ ಎಂದು ಅವರು ಬಹುಕಾಲ ನಂಬಿದ್ದರು. ಇಪ್ಪತ್ತು ವರ್ಷಗಳಾದ ಮೇಲೆ ಜೊತೆಯ ಆಟಗಾರನೊಬ್ಬನ ಬಾಯಿಂದ ಅದು ಸುಳ್ಳೆಂದು ತಿಳಿಯಿತು. ಆಟವನ್ನು ಬಿಟ್ಟಾಗ ಕಚೇರಿಯಲ್ಲಿ ಒಂದು ಹುದ್ದೆಯನ್ನು ಕೊಟ್ಟರು. ಕೆಲಸವನ್ನು ಮಾತ್ರ ಕೊಡಲಿಲ್ಲ. ಎರಡು ವರ್ಷ ಹಾಗೆ ಕುಳಿತಿದ್ದು ಬೇಸತ್ತು, 1973ರಲ್ಲಿ, ನಲವತ್ತೈದರ ವಯಸ್ಸಿನಲ್ಲಿ, ಅವರು ಮತ್ತೆ ಹಿಮಕ್ಕೆ ಇಳಿದರು. ಈ ಸಲ ಹ್ಯೂಸ್ಟನ್ ನಗರದ ತಂಡದಲ್ಲಿ ಅವರ ಪಕ್ಕದಲ್ಲಿ ಆಡಿದವರು ಅವರ ಇಬ್ಬರು ಗಂಡುಮಕ್ಕಳು! 1980ರಲ್ಲಿ ಕಡೆಯ ಸಲ ಬಿಟ್ಟಾಗ ಅವರಿಗೆ ಐವತ್ತೆರಡು. ಅಲ್ಲಿಯ ರಾಷ್ಟ್ರೀಯ ಲೀಗೊಂದರಲ್ಲಿಯೇ 1,767 ಪಂದ್ಯಗಳು, 801 ಗೋಲುಗಳು ಅವರ ಲೆಕ್ಕ. ತಂದೆಯೂ ಮಕ್ಕಳೂ ಒಟ್ಟಿಗೆ ಆಡಿದ ಭಾಗವನ್ನು ಕೇಳಿ ಗೃಹಸ್ಥರ ಮುಖ ಅರಳಿತು. ಕೆಲಸವಿಲ್ಲದ ಹುದ್ದೆಯ ಭಾಗವನ್ನು ಅವರು ಎರಡು ಸಲ ಹೇಳಿಸಿಕೊಂಡರು.

ಸುನಿಲರಿಗೆ ಐವತ್ತೆರಡರವರೆಗೆ ಆಡುವ ಭಾಗ್ಯವಿರಲಿಲ್ಲ. ಇಂದಿನ ಹಾಕಿಯಲ್ಲಿ ಯಾರಿಗೂ ಇಲ್ಲ. 2018ರಲ್ಲಿ ಭುವನೇಶ್ವರದಲ್ಲಿ, ಸ್ವದೇಶದ ಜನರ ಮುಂದೆ, ವಿಶ್ವಕಪ್ ನಡೆಯುವುದರಲ್ಲಿತ್ತು. ಅದಕ್ಕೆ ಮೊದಲೇ ಅವರ ಮೊಣಕಾಲಿಗೆ ಪೆಟ್ಟಾಯಿತು. ಓಟವೇ ಬಂಡವಾಳವಾದವನಿಗೆ ಮೊಣಕಾಲಿನ ಪೆಟ್ಟೆಂದರೆ ನೂಲು ಬಿಚ್ಚುವವನಿಗೆ ಬೆರಳು ಸುಟ್ಟಂತೆ. ವಿಶ್ವಕಪ್ಪು ಅವರಿಲ್ಲದೆ ನಡೆಯಿತು. ಆದರೂ ಅವರು ಹಿಂದಿರುಗಿದರು. 2019ರ ನವೆಂಬರಿನಲ್ಲಿ ಭುವನೇಶ್ವರದಲ್ಲಿಯೇ ರಷ್ಯಾ ತಂಡವನ್ನು ಎರಡು ಪಂದ್ಯಗಳಲ್ಲಿ ಸೋಲಿಸಿ ಟೋಕಿಯೊ ಒಲಿಂಪಿಕ್ಸಿಗೆ ಅರ್ಹತೆ ಪಡೆದ ಭಾರತ ತಂಡದಲ್ಲಿ ಅವರು ಉಪನಾಯಕರಾಗಿದ್ದರು.

ಅಷ್ಟರಲ್ಲಿ ಕೊರೋನಾ ಮಹಾಮಾರಿ ಬಂದಿತು. 2020ರಲ್ಲಿ ನಡೆಯಬೇಕಾಗಿದ್ದ ಒಲಿಂಪಿಕ್ಸು ಒಂದು ವರ್ಷ ಮುಂದಕ್ಕೆ ಹೋಯಿತು. ನಮಗೆ ನಿಮಗೆ ಒಂದು ವರ್ಷವೆಂದರೆ ಒಂದು ಯುಗಾದಿಯಿಂದ ಇನ್ನೊಂದು ಯುಗಾದಿ. ಇಪ್ಪತ್ತೊಂದರ ಆಟಗಾರನಿಗೆ ಅದು ಲಾಭ: ಇನ್ನೂ ಬಲಿಯಲು ಕಾಲ ಸಿಕ್ಕಿತು. ಮೂವತ್ತೊಂದರವನಿಗೆ ಅದೇ ವರ್ಷ ನಷ್ಟ. 2021ರ ಜೂನಿನಲ್ಲಿ ಟೋಕಿಯೊಗೆ ಹದಿನಾರು ಜನರನ್ನು ಆರಿಸಿದಾಗ ಸುನಿಲರ ಹೆಸರು ಅದರಲ್ಲಿರಲಿಲ್ಲ. ಆಗಸ್ಟ್ 5ರಂದು ಭಾರತವು ಜರ್ಮನಿಯನ್ನು ಐದಕ್ಕೆ ನಾಲ್ಕರಿಂದ ಸೋಲಿಸಿ ಕಂಚಿನ ಪದಕವನ್ನು ಗೆದ್ದಿತು. 1980ರ ಬಳಿಕ, ನಲವತ್ತೊಂದು ವರ್ಷಗಳ ಮೇಲೆ, ಹಾಕಿಯಲ್ಲಿ ಬಂದ ಒಲಿಂಪಿಕ್ ಪದಕವದು. ಹನ್ನೆರಡನೆಯ ಸ್ಥಾನದಿಂದ ತಂಡವು ಮೇಲೇರಿ ಬರುವಷ್ಟು ವರ್ಷ ಬಯಲಿನಲ್ಲಿ ಓಡಿದವರು, ಪದಕದ ದಿನ ಬಯಲಿನಲ್ಲಿರಲಿಲ್ಲ.

ಅನ್ಯಾಯವೆಂದು ಇದನ್ನು ಕರೆಯಲು ನನಗೆ ಮನಸ್ಸು ಬಾರದು. ಹದಿನಾರು ಜನರನ್ನು ಆರಿಸುವವರು ಹದಿನೇಳನೆಯವನನ್ನು ಬಿಡಲೇಬೇಕು. ಆದರೂ ಸಂಬಳದ ಕೆಲಸದಲ್ಲಿ ಸೇವಾವಧಿಯೆಂಬುದೊಂದು ಇರುತ್ತದೆ. ವರ್ಷ ಕಳೆದಂತೆ ಹಕ್ಕು ಬೆಳೆಯುತ್ತದೆ. ಆಟದ ಕಸುಬಿನಲ್ಲಿ ಅದು ತಿರುವುಮುರುವು. ಹದಿನಾಲ್ಕು ವರ್ಷ ಆಡಿದವನಿಗೂ ನಿನ್ನೆ ಬಂದವನಿಗೂ ನಾಳೆಯ ಪಂದ್ಯದಲ್ಲಿ ಇರುವ ಹಕ್ಕು ಒಂದೇ ಸಮ. ಇದನ್ನು ಹೊರಗಿನಿಂದ ಒಪ್ಪುವುದು ಸುಲಭ. ಮನೆಯೊಳಗೆ ಒಪ್ಪುವುದು ಸುಲಭವಲ್ಲ.

2021ರ ಅಕ್ಟೋಬರ್ 1ರಂದು ಸುನಿಲರು ನಿವೃತ್ತಿಯನ್ನು ಪ್ರಕಟಿಸಿದರು. ಅವರಿಗೆ ಆಗ ಮೂವತ್ತೆರಡು. ದೇಹವು ಇನ್ನೂ ಆಗುತ್ತದೆಯೆನ್ನುತ್ತದೆ, ಆದರೆ ವಿವೇಕವು ಕಿರಿಯರಿಗೆ ಜಾಗ ಬಿಡುವ ಕಾಲ ಬಂದಿತೆನ್ನುತ್ತದೆ ಎಂಬ ಅರ್ಥದ ಮಾತುಗಳನ್ನು ಅವರು ಆಡಿದರು. ಒಟ್ಟು 264 ಅಂತರರಾಷ್ಟ್ರೀಯ ಪಂದ್ಯಗಳು, 72 ಗೋಲುಗಳು. ಮುಂದಿನ ಸಾಲಿನವನಿಗೆ ಗೋಲು ಕಡಮೆಯೆಂದು ಕೆಲವರಿಗೆ ತೋರಬಹುದು. ಆದರೆ ಮೊದಲೇ ಹೇಳಿದಂತೆ ಅವರು ಬಡಿಸುವವರು. ಅವರು ದಾಟಿಸಿದ ಚೆಂಡಿನಿಂದ ಬೇರೆಯವರು ಹೊಡೆದ ಗೋಲುಗಳು ಈ ಲೆಕ್ಕದಲ್ಲಿ ಸೇರಿಲ್ಲ. ಮರುವರ್ಷ, 2022ರ ಬೇಸಗೆಯಲ್ಲಿ, ಜಕಾರ್ತದ ಏಷ್ಯಾ ಕಪ್ ಪಂದ್ಯಾವಳಿಗೆ ಹೊಸಬರೇ ಹೆಚ್ಚಾಗಿದ್ದ ತಂಡವೊಂದನ್ನು ಕಳುಹಿಸಬೇಕಾಗಿ ಬಂದಾಗ ಅವರನ್ನು ಮತ್ತೆ ಕರೆದರು. ಬೀರೇಂದ್ರ ಲಾಕ್ರಾ ನಾಯಕರು, ಸುನಿಲರು ಉಪನಾಯಕರು. ಇಬ್ಬರೂ ನಿವೃತ್ತಿಯಿಂದ ಎದ್ದು ಬಂದವರು. ಜಪಾನನ್ನು ಒಂದು ಗೋಲಿನಿಂದ ಸೋಲಿಸಿ ಆ ಹುಡುಗರ ತಂಡ ಕಂಚನ್ನು ತಂದಿತು. ಮೊದಲು ಬಂದ ಪಂದ್ಯಾವಳಿಯೂ ಏಷ್ಯಾ ಕಪ್ಪೇ, ಮರಳಿ ಬಂದದ್ದೂ ಅದಕ್ಕೇ. ನಡುವೆ ಹದಿನೈದು ವರ್ಷ.

ಇಷ್ಟನ್ನೂ ಹೇಳಿ, ನನಗೆ ತೋಚಿದ ಮಟ್ಟಿಗೆ ಗೃಹಸ್ಥರ ಎರಡನೆಯ ಪ್ರಶ್ನೆಗೆ ಉತ್ತರ ಕೊಟ್ಟೆ. ಆಟವು ಕಸುಬು ಹೌದು. ಆದರೆ ಅರ್ಧ ಆಯುಷ್ಯದ ಕಸುಬು. ಹದಿನೆಂಟಕ್ಕೆ ಹಿಡಿದವನು ಮೂವತ್ತೆರಡಕ್ಕೆ ಬಿಡುತ್ತಾನೆ. ಆ ವಯಸ್ಸಿನಲ್ಲಿ ವಕೀಲನಿಗೆ ಮೊದಲ ದೊಡ್ಡ ಮೊಕದ್ದಮೆ ಬರುವುದೂ ಸಂದೇಹ. ಉಳಿದ ಮೂವತ್ತು ವರ್ಷಗಳಿಗೆ ಇನ್ನೊಂದು ಆಧಾರ ಬೇಕು. ಓದೋ, ಆಟದಿಂದ ದೊರೆಯುವ ನೌಕರಿಯೋ, ಮನೆಯ ಕಸುಬೋ ಯಾವುದಾದರೂ ಆಗಲಿ, ಅದನ್ನು ಆಡುತ್ತಿರುವಾಗಲೇ ಕಟ್ಟಿಕೊಳ್ಳಬೇಕು. ದೇಶದ ತಂಡದವರೆಗೆ ಹೋದವರ ಕಥೆಯನ್ನು ಮಾತ್ರ ನಾನು ಹೇಳಿದ್ದೇನೆಂಬುದನ್ನೂ, ಜಿಲ್ಲೆಯ ಮಟ್ಟದಲ್ಲಿಯೇ ಮೊಣಕಾಲು ಮುರಿದುಕೊಂಡವರ ಕಥೆಯನ್ನು ಯಾರೂ ಬರೆದಿಡುವುದಿಲ್ಲವೆಂಬುದನ್ನೂ ಸೇರಿಸಿ ಹೇಳಿದೆ. ಹುಡುಗನನ್ನು ಒಮ್ಮೆ ಬೆಂಗಳೂರಿನಲ್ಲಿ ಬಲ್ಲ ತರಬೇತುದಾರರ ಮುಂದೆ ನಿಲ್ಲಿಸಿ, ಅವರು ಹೇಳುವುದನ್ನು ತಂದೆ ಮಗ ಇಬ್ಬರೂ ಕೂಡಿ ಕೇಳಿರೆಂದೆ.

ಗೃಹಸ್ಥರು ಎದ್ದು ನಿಂತರು. ಬಾಗಿಲ ಬಳಿ ಹೋದವರು ತಿರುಗಿ, “ಆ ವಿಠಲಾಚಾರ್ಯರು ಮಗ ಗೆದ್ದು ಬಂದುದನ್ನು ಒಂದು ಸಲವಾದರೂ ನೋಡಿದ್ದರೇ ಸ್ವಾಮೀ?” ಎಂದು ಕೇಳಿದರು. ಚೆನ್ನೈನಲ್ಲಿ ಚಿನ್ನ ಗೆದ್ದ ತಂಡದಲ್ಲಿ ಮಗನಿದ್ದಾಗ ಅವರು ಬದುಕಿದ್ದರು ಎಂದೆ. “ಹಾಗಾದರೆ ಸರಿ” ಎಂದು ಹೊರಟುಹೋದರು.

ಯುಗಾದಿ ಕಳೆದ ಮೇಲೆ ಮತ್ತೆ ಸಿಕ್ಕಿದ್ದರು. ತರಬೇತುದಾರರು ಹುಡುಗನನ್ನು ನೋಡಿ, ಕಾಲು ಚೆನ್ನಾಗಿದೆ, ಕೋಲು ಹಿಡಿಯುವುದನ್ನು ಮೊದಲಿನಿಂದ ಕಲಿಯಬೇಕು, ಎರಡು ವರ್ಷ ಕಳೆಯದೆ ಏನನ್ನೂ ಹೇಳಲಾರೆವೆಂದರಂತೆ. ತಂದೆಯವರು ಎರಡು ವರ್ಷಗಳ ಅವಕಾಶ ಕೊಟ್ಟಿದ್ದಾರೆ. ಷರತ್ತುಗಳು ಎರಡು: ಪಿಯುಸಿ ತೇರ್ಗಡೆಯಾಗಬೇಕು; ರಜೆಯಲ್ಲಿ ಬಂದಾಗ ನೂಲಿನ ಲೆಕ್ಕದ ಪುಸ್ತಕವನ್ನು ಬರೆಯಬೇಕು. ಹುಡುಗನು ಮೊದಲನೆಯದಕ್ಕೆ ಕೂಡಲೇ ಒಪ್ಪಿದ್ದಾನೆ. ಎರಡನೆಯದರ ವಿಚಾರವಾಗಿ ತಾಯಿಯ ಮುಖಾಂತರ ಮಾತುಕತೆ ಇನ್ನೂ ನಡೆಯುತ್ತಿದೆ.